ಆಂಬುಲೆನ್ಸಿನ ತವರು

ನಮ್ಮ ಊರಿಗೆ ಆಂಬುಲೆನ್ಸನ್ನು ಕೋಣಗಳು ಎಳೆದುಕೊಂಡು ಬಂದವು. ಸೇತುವೆಯ ಆಚೆ ತುದಿಯವರೆಗೆ ಅದು ತನ್ನಷ್ಟಕ್ಕೇ ಓಡಿ ಬಂದಿತ್ತು. ಈಚೆ ತುದಿಗೆ ಮುಂದಿನ ಚಕ್ರ ಮುಟ್ಟಿದ್ದೇ ನಿಂತುಬಿಟ್ಟಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಹೊರಗಿನ ಹೆಸರು ಹೊತ್ತು ಬಂದ ಎಲ್ಲ ವಸ್ತುಗಳೂ ನಮ್ಮಲ್ಲಿ ಹಾಗೆಯೇ. ಆ ಹೆಸರು ಯಾವ ಮನೆಯಲ್ಲಿ ಹುಟ್ಟಿತು, ಯಾವ ಯಾವ ಮನೆ ಹೊಕ್ಕು ಹೊರಬಿದ್ದು ಇಲ್ಲಿಗೆ ತಲುಪಿತು ಎಂದು ಯಾರಾದರೂ ಅದರ ಎದುರು ನಿಂತು ಹೇಳುವವರೆಗೆ ಅದು ಕೆಲಸ ಮಾಡುವುದಿಲ್ಲ. ಇದಕ್ಕೆ ನಮ್ಮಲ್ಲಿ ತವರು ಹೇಳುವುದು ಎನ್ನುತ್ತಾರೆ. ಹೊಸ ಸೊಸೆ ಹೊಸಿಲು ದಾಟಿದಾಗ ಅಕ್ಕಪಕ್ಕದವರು ಬಂದು ವಿಚಾರಿಸುವುದಿಲ್ಲವೇ, ಅಷ್ಟೇ.

ತವರು ಹೇಳಿಸಿಕೊಂಡ ವಸ್ತು ಆಮೇಲೆ ತವರನ್ನು ಮರೆಯುವುದಿಲ್ಲ. ಅದೇ ಕಷ್ಟ, ಅದೇ ಚಂದ. ಬಲ್ಬ್ ಎಂಬ ಹೆಸರು ಲ್ಯಾಟಿನ್ನಿನಲ್ಲಿ ಈರುಳ್ಳಿಯಾಗಿತ್ತು, ಫ್ರೆಂಚಿನಲ್ಲೂ ಗಡ್ಡೆಯಾಗಿಯೇ ಇತ್ತು, ಇಂಗ್ಲಿಷಿಗೆ ಬಂದ ಮೇಲೆ ಗಾಜಾಯಿತು. ಆದ್ದರಿಂದ ನಮ್ಮಲ್ಲಿ ಬಲ್ಬು ಹಾಕಿದರೆ ಮನೆಯೊಳಗೆ ಸಣ್ಣಗೆ ಈರುಳ್ಳಿ ವಾಸನೆ. ಈರುಳ್ಳಿ ತಿನ್ನದ ಶಂಭು ಹೊಳ್ಳರ ಮನೆಯಲ್ಲಿ ಟ್ಯೂಬ್‌ಲೈಟ್ ಮಾತ್ರ. ಪೆನ್ಸಿಲ್ ಎಂದರೆ ಮೊದಮೊದಲು ಪುಟ್ಟ ಬಾಲ. ಲೆಕ್ಕ ಸರಿಬಂದರೆ ನಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಪೆನ್ಸಿಲಿನ ಹಿಂತುದಿ ಅಲ್ಲಾಡುತ್ತದೆ, ಮೇಷ್ಟ್ರು ಉತ್ತರ ನೋಡುವ ಮೊದಲು ಅದನ್ನು ನೋಡುತ್ತಾರೆ. ಮೊಬೈಲಿನ ತವರಂತೂ ಚಲನೆ, ಎಷ್ಟು ಹಿಂದೆ ಹೋದರೂ ಅದೇ. ಹಾಗಾಗಿ ಕೈ ನಿಂತರೆ ಪರದೆ ಕಪ್ಪು. ಊರಿನಲ್ಲಿ ಮಾತಾಡುವವರೆಲ್ಲ ನಡೆಯುತ್ತಿರುತ್ತಾರೆ. ನನ್ನ ಕ್ಲಾಸಿನ ಸೋಮಾರಿಗಳು ಹಳೆ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಮಲಗಿ ತೂಗಿಕೊಂಡು ಮೆಸೇಜ್ ಮಾಡುತ್ತಾರೆ. ನಾನು ಇದನ್ನು ಕಾಲೇಜಿನ ಮೈದಾನಕ್ಕೆ ಸುತ್ತು ಹಾಕುತ್ತಾ ಟೈಪ್ ಮಾಡುತ್ತಿದ್ದೇನೆ.

ಬಸ್ಸಿನ ತವರು ದೊಡ್ಡ ಮನಸ್ಸಿನದು. ಲ್ಯಾಟಿನ್ನಿನಲ್ಲಿ ಅದು ಎಲ್ಲರಿಗಾಗಿ ಎಂಬ ಮಾತು. ನಮ್ಮ ಬಸ್ಸು ಆ ಮಾತಿಗೆ ತಪ್ಪಿ ನಡೆದದ್ದಿಲ್ಲ. ಕೈ ಎತ್ತಿದವರನ್ನು ಬಿಟ್ಟು ಹೋಗು ಎಂದು ಡ್ರೈವರ್ ಎಷ್ಟು ತುಳಿದರೂ ಅದು ಹೋಗುವುದಿಲ್ಲ. ಹಲಸಿನಹಣ್ಣು ಹೊತ್ತವರು, ಮದುವೆಗೆ ಹೊರಟವರು, ಗುರುತಿನವರನ್ನು ಕಂಡು ಬರಿದೆ ಕೈ ಬೀಸಿದವರು, ಎಲ್ಲರಿಗೂ ಅದು ನಿಲ್ಲಬೇಕು. ಬೇಗ ಹೋಗಬೇಕಾದವರು ನಡೆದು ಹೋಗುತ್ತಾರೆ. ಎಲ್ಲರಿಗೂ ಇದು ತಮಾಷೆಯೇ ಆಗಿತ್ತು, ನಮ್ಮ ಮನೆಯಲ್ಲಿ ಆ ಸಾವಾಗುವವರೆಗೆ.

ನಮ್ಮ ಮನೆ ಇರುವುದು ಹಾಸುಗಲ್ಲು ಗುಡ್ಡದ ಮೇಲೆ, ಆಸ್ಪತ್ರೆ ಕೆಳಗೆ ಪೇಟೆಯಲ್ಲಿ. ಎರಡು ವರ್ಷದ ಹಿಂದೆ ಚಂಚಲಾಕ್ಷಿ ಅತ್ತಿಗೆಗೆ ಹೆರಿಗೆ ನೋವು ಶುರುವಾದಾಗ ಪುರಂದರ ಅಣ್ಣ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹೊತ್ತು ಇಳಿಸಿ, ಬಸ್ಸು ಹತ್ತಿಸಿದ್ದ. ದಾರಿಯುದ್ದಕ್ಕೂ ಜನ ಕೈ ಎತ್ತಿದರು. ಒಳಗೆ ಏನಾಗುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದವರು ಇಳಿದು ಹಿಂದೆ ಸರಿದರು, ಅಷ್ಟರಲ್ಲಿ ಮುಂದಿನ ತಿರುವಿನಲ್ಲಿ ಇನ್ನೊಂದು ಕೈ. ಕಿಣಿ ಡಾಕ್ಟರ ಬಾಗಿಲು ತಲುಪುವಾಗ ಮಗು ಉಳಿದಿರಲಿಲ್ಲ. ಅಣ್ಣ ಯಾರನ್ನೂ ಬೈಯಲಿಲ್ಲ. ಬೈಯಲು ಯಾರೂ ಸಿಗಲಿಲ್ಲ ಎಂಬುದೇ ಅವನನ್ನು ತಿಂದುಹಾಕಿತು. ಆಮೇಲೆ ಅವನು ಬಸ್ಸಿಗೆ ಕೈ ಎತ್ತಿದ್ದನ್ನು ನಾನು ನೋಡಿಲ್ಲ.

ಈಗ ಅತ್ತಿಗೆಗೆ ಮತ್ತೆ ದಿನ ತುಂಬುತ್ತಿತ್ತು. ಕುರ್ಚಿಯಲ್ಲಿ ಅಲುಗಾಡಿಸಿ ಇಳಿಸುವುದು ಈ ಸಲ ಖಂಡಿತ ಬೇಡ ಎಂದು ಕಿಣಿ ಡಾಕ್ಟರು ಹೇಳಿದ್ದರು. ಅವರೇ ಮೇಲೆ ಬರಬಹುದಿತ್ತಲ್ಲ ಎಂದರೆ, ಅವರು ಬಂದು ಪ್ರಯೋಜನವಿಲ್ಲ. ಆಸ್ಪತ್ರೆಯ ತವರಿನಲ್ಲಿ ಅತಿಥಿ ಎಂಬ ಮಾತು ಇದೆ. ಹೋದವರಿಗೆ ಅಲ್ಲಿ ಮೊದಲು ಬೆಲ್ಲ ನೀರು, ಅದನ್ನು ಕೊಡದಿದ್ದರೆ ಥರ್ಮಾಮೀಟರ್ ಏರುವುದಿಲ್ಲ. ಆಸ್ಪತ್ರೆ ಬಿಟ್ಟು ಹೊರಗೆ ಹೋದರೆ ಅವರ ಸ್ಟೆತಸ್ಕೋಪಿನಲ್ಲಿ ಎದೆಬಡಿತ ಕೇಳಿಸುವುದಿಲ್ಲ, ಸೂಜಿ ಚರ್ಮದೊಳಗೆ ಇಳಿಯುವುದಿಲ್ಲ. ಒಂದೆರಡು ಸಲ ಹೋಗಿ ನೋಡಿ, ಅವಮಾನವಾಗಿ, ಡಾಕ್ಟರು ಹೊಸಿಲು ದಾಟುವುದನ್ನೇ ಬಿಟ್ಟಿದ್ದರು. ಆದ್ದರಿಂದಲೇ ಅಣ್ಣ ಸಿಕ್ಕವರ ಸಹಿಯನ್ನೆಲ್ಲ ಹಾಕಿಸಿ, ಸೇತುವೆಯಾಚೆಯ ಕಚೇರಿಗೆ ಅಲೆದು ಅಲೆದು ಈ ಆಂಬುಲೆನ್ಸ್ ತರಿಸಿದ್ದು. ನೋವು ಶುರುವಾಗುವ ಮೊದಲೇ ಅತ್ತಿಗೆಯನ್ನು ಮೆಲ್ಲಗೆ, ಮಲಗಿಸಿಕೊಂಡು, ಎಲ್ಲೂ ನಿಲ್ಲಿಸದೆ ಕೆಳಗೆ ತರುವುದು ಅವನ ಲೆಕ್ಕ.

ಪಂಚಾಯಿತಿ ಅಂಗಳದಲ್ಲಿ ನಿಂತ ಗಾಡಿಗೆ ಮೊದಲು ತವರು ಹೇಳಿದವರು ಶಂಭು ಹೊಳ್ಳರು. ಹೊಳ್ಳರು ಒಳ್ಳೆಯವರು, ಕಾಯಲಾರದವರು. ಲೋಕದ ಎಲ್ಲ ಶಬ್ದಗಳೂ ಸಂಸ್ಕೃತದಿಂದ ಹೊರಟು, ಪ್ರಪಂಚ ಸುತ್ತಿ, ಸುಸ್ತಾಗಿ ಮನೆಗೆ ಮರಳಿದವು ಎಂಬುದು ಅವರ ನಂಬಿಕೆ. ಅಂಬು ಎಂದರೆ ನೀರು, ಆದ್ದರಿಂದ ಇದು ನೀರಿನ ಸಂಬಂಧದ ವಾಹನ ಎಂದು ಅವರು ಅರ್ಧ ಗಂಟೆ ಭಾಷಣ ಮಾಡಿದರು. ಸುಳ್ಳು ತವರು ಹೇಳಿದರೆ ವಸ್ತುಗಳಿಗೆ ಸಿಟ್ಟು ಬರುತ್ತದೆ. ಅಂದಿನಿಂದ ಆ ಗಾಡಿಯ ಚಾವಣಿ ಸೋರತೊಡಗಿತು. ಬಿಸಿಲಿನಲ್ಲಿ, ಮೋಡವೇ ಇಲ್ಲದಾಗ, ಒಳಗಿನ ಸ್ಟ್ರೆಚರಿನ ಮೇಲೆ ತೊಟತೊಟ ನೀರು.

ಆಗ ಎಲ್ಲರೂ ಅಪೊಲಿನ್ ಬಾಯಿಯ ಮನೆಗೆ ಹೋದರು.

ಅಪೊಲಿನ್ ಬಾಯಿಯ ಬಗ್ಗೆ ಬರೆಯಲು ಕೂತರೆ, ಅಲ್ಲ, ನಡೆದರೆ, ನನಗೆ ಮೈದಾನ ಸಾಲುವುದಿಲ್ಲ. ಚಿಕ್ಕಂದಿನಲ್ಲಿ ಇಗರ್ಜಿಯ ಹಾಡಿನ ಗುಂಪಿನಲ್ಲಿದ್ದಾಗ ಹಾಡುವ ಸಾಲಿಗೆಲ್ಲ ಅರ್ಥ ಕೇಳಿ ಕೇಳಿ ಪಾದ್ರಿಗಳ ತಲೆ ತಿಂದು ಲ್ಯಾಟಿನ್ ಕಲಿತವರು ಅವರು. ಆಮೇಲೆ ಎಲ್ಲೋ ದೂರದ ಕಾಲೇಜಿನಲ್ಲಿ ರಿಟೈರ್ ಆಗುವವರೆಗೆ ಫ್ರೆಂಚ್ ಕಲಿಸಿ ಬಂದವರು. ಊರಿಗೆಲ್ಲ ಅವರು ಬರೀ ಬಾಯಿ, ಕೊಂಕಣಿಯಲ್ಲಿ ಅಕ್ಕ ಎಂದ ಹಾಗೆ. ದಪ್ಪ ಶರೀರ, ಅದಕ್ಕಿಂತ ದಪ್ಪ ದನಿ. ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ, ಸಿಕ್ಕಿಬಿದ್ದರೆ ನಗುತ್ತಾರೆ. ಹೊಳೆಯ ಎರಡು ದಡದಲ್ಲೂ ತನ್ನಷ್ಟು ತಿಳಿದವರು ಇಲ್ಲ ಎಂದು ಬಂಗುಡೆ ಮೀನಿನ ಮುಳ್ಳು ತೆಗೆಯುತ್ತಾ ತಾವೇ ಹೇಳಿಕೊಳ್ಳುತ್ತಾರೆ. ಅದು ನಿಜವಾದ್ದರಿಂದ ಯಾರಿಗೂ ಬೇಸರವಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅವರು ಹೇಳಿದ ತವರುಗಳಿಂದಲ್ಲ, ಹೇಳದೆ ಬಿಟ್ಟ ಒಂದರಿಂದ. ಶಾಲೆಗೆ ಪಜಲಿನ ಪೆಟ್ಟಿಗೆ ಬಂದಾಗ ಮಕ್ಕಳೆಲ್ಲ ಅವರನ್ನು ಮುತ್ತಿಕೊಂಡಿದ್ದರು. ಬಾಯಿ ತಿಂಗಳುಗಟ್ಟಲೆ ಹುಡುಕಿ, ಬಂದು, ಈ ಶಬ್ದ ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಎಂದುಬಿಟ್ಟರು. ಒಂದು ಚಂದದ ಕಥೆ ಕಟ್ಟಿ ಹೇಳಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ ಪೆಟ್ಟಿಗೆಯ ತುಂಡುಗಳು ಇವತ್ತಿಗೂ ಒಂದಕ್ಕೊಂದು ಕೂಡುವುದಿಲ್ಲ. ಚಂದದ ಕಥೆ ಕೈಗೆ ಸಿಕ್ಕಿದರೆ ಮೊದಲು ಅದರ ಮೇಲೆಯೇ ಸಂಶಯಪಡಬೇಕು ಎಂದು ಅವತ್ತು ನನಗೆ ಹೇಳಿದ್ದರು.

ಅವರು ತವರು ಹೇಳುವ ಕ್ರಮ ಹೀಗೆ. ವಸ್ತುವಿನ ಎದುರು ನಿಂತು, ಅದಕ್ಕೆ ಬೆನ್ನು ಹಾಕದೆ, ಹಿಂದೆ ಹಿಂದೆ ನಡೆಯುತ್ತಾರೆ. ಹೆಸರು ಹೊಕ್ಕು ಬಂದ ಭಾಷೆಗಳು ಅವರಿಗೆ ಮನೆಗಳು. ಇಂಗ್ಲಿಷಿನ ಮನೆ ಬಂದಾಗ ನಿಂತು ಎರಡು ಪ್ರಶ್ನೆ: ಇಲ್ಲಿಗೆ ಎಲ್ಲಿಂದ ಬಂದೆ, ಯಾರ ಜೊತೆ ಬಂದೆ. ಉತ್ತರವನ್ನೂ ಅವರೇ ಹೇಳುತ್ತಾರೆ. ಮತ್ತೆ ಹಿಂದಕ್ಕೆ, ಫ್ರೆಂಚಿನ ಮನೆ. ಮತ್ತೆ ಹಿಂದಕ್ಕೆ, ಲ್ಯಾಟಿನ್. ಹಿಂದೆ ಕಣ್ಣಿಲ್ಲದ್ದರಿಂದ ಒಬ್ಬರು ಅವರ ಬೆನ್ನಿಗೆ ಕೈ ಕೊಟ್ಟು ದಾರಿ ತೋರಿಸಬೇಕು. ಕಾಲೇಜು ಸೇರಿದಾಗಿನಿಂದ ಆ ಕೈ ನನ್ನದು.

ಆಂಬುಲೆನ್ಸಿನ ದಿನ ಪಂಚಾಯಿತಿ ಅಂಗಳ ತುಂಬಿತ್ತು. ಅಣ್ಣ ಗುಡ್ಡದಿಂದ ಇಳಿದು ಬಂದು ಗೋಡೆಗೆ ಒರಗಿ ನಿಂತಿದ್ದ. ಬಾಯಿ ಹೊಸ ಸೀರೆ ಉಟ್ಟು ಬಂದರು. ಇದು ಸುಲಭದ ಶಬ್ದ, ಮೀನು ತಣಿಯುವುದರೊಳಗೆ ಮುಗಿಸುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಹಿಂದೆ ಹೆಜ್ಜೆ ಇಟ್ಟರು. ಇಂಗ್ಲಿಷಿನ ಮನೆಯಲ್ಲಿ ನಿಂತು, ಯುದ್ಧದಲ್ಲಿ ಗಾಯವಾದ ಸಿಪಾಯಿಗಳನ್ನು ಹೊತ್ತು ತಂದ ಗಾಡಿಗಳ ಕಥೆ ಹೇಳಿದರು. ಜನ ಉಸಿರು ಬಿಗಿಹಿಡಿದು ಕೇಳಿದರು. ಫ್ರೆಂಚಿನ ಮನೆಯಲ್ಲಿ ಈ ಹೆಸರಿಗೆ ನಡೆಯುವಂಥದ್ದು ಎಂದು ಅರ್ಥ ಎಂದರು. ಮತ್ತೆ ಹಿಂದೆ. ಅಂಗಳ ಮುಗಿದು, ರಸ್ತೆ ದಾಟಿ, ಸೋಡಾ ಅಂಗಡಿಯ ಎದುರು ಲ್ಯಾಟಿನ್ನಿನ ಮನೆಯಲ್ಲಿ ನಿಂತು, ಅಂಬುಲಾರೆ, ನಡೆಯುವುದು, ಎಂದು ಕೂಗಿ ಹೇಳಿದರು. ಆ ದನಿ ಕೇಳಿದ್ದೇ ಗಾಡಿಯ ಚಾವಣಿ ಸೋರುವುದು ನಿಂತಿತು. ಮೇಲಿನ ನೀಲಿ ದೀಪ ಹೊತ್ತಿ ತಿರುಗಿತು. ಇಂಜಿನ್ ಗುರ್ರೆಂದಿತು. ಜನ ಚಪ್ಪಾಳೆ ಹೊಡೆದರು, ಸೋಡಾ ಅಂಗಡಿಯವರು ಬಾಟಲಿ ಒಡೆದು ಎಲ್ಲರಿಗೂ ಹಂಚಿದರು. ಅಣ್ಣ ಗೋಡೆ ಬಿಟ್ಟು ಮುಂದೆ ಬಂದ. ಡ್ರೈವರ್ ಇದಿನಬ್ಬ ಗೇರ್ ಹಾಕಿ ಒತ್ತಿದ. ಗಾಡಿ ಕೂಗಿತು, ನಡುಗಿತು, ಇದ್ದಲ್ಲಿಂದ ಕದಲಲಿಲ್ಲ.

ಇಂಥದ್ದು ಹಿಂದೆ ಆದದ್ದಿಲ್ಲ. ಜನ ಬಾಯಿಯ ಮರ್ಯಾದೆಗೆಂದು ಪೆಟ್ರೋಲ್ ಸರಿಯಿಲ್ಲ, ಬ್ರೇಕ್ ಹಿಡಿದಿದೆ ಎಂದು ಏನೇನೋ ಕಾರಣ ಹುಡುಕಿ ಮೆಲ್ಲಗೆ ಚದುರಿದರು. ಅಣ್ಣ ಗುಡ್ಡ ಹತ್ತಿದ. ಬಾಯಿ ಸೋಡಾ ಅಂಗಡಿಯ ಎದುರೇ ತುಂಬ ಹೊತ್ತು ನಿಂತಿದ್ದರು.

ಮರುದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಬಂಗುಡೆ ತಟ್ಟೆಯಲ್ಲಿ ಹಾಗೆಯೇ ಇತ್ತು. ಮಂಚದ ತುಂಬ ಡಿಕ್ಷನರಿಗಳು. ಬಾಯಿ ನೆಲದ ಮೇಲೆ ಕೂತಿದ್ದರು. ಎಲ್ಲಿ ತಪ್ಪಿತು ಎಂದು ಕೇಳಿದೆ.

"ಎಂತದೂ ತಪ್ಪಿಲ್ಲ ಸುಪ್ರೀತಾ. ಎಲ್ಲ ಸರಿಯುಂಟು. ಅದಕ್ಕೇ ನಂಗೆ ಹೆದ್ರಿಕೆ" ಎಂದರು.

ಆಗಲೇ ಅಣ್ಣನ ಫೋನು ಬಂತು. ನಾನು ಜಗಲಿಗೆ ಇಳಿದು ಆಚೆಯಿಂದ ಈಚೆಗೆ ನಡೆಯುತ್ತಾ ಮಾತಾಡಿದೆ. ಅತ್ತಿಗೆಗೆ ಲೆಕ್ಕಕ್ಕಿಂತ ಮೊದಲೇ ನೋವು ಶುರುವಾಗಿತ್ತು, ನೀರು ಹೋಗಿತ್ತು. ಅಂಗಳದಲ್ಲಿ ಸುತ್ತು ಹಾಕುವ ಅವನ ಚಪ್ಪಲಿಯ ಸದ್ದು ನನಗೆ ಕೇಳುತ್ತಿತ್ತು. ಬಸ್ಸು ಹತ್ತುವುದಿಲ್ಲ ಎಂದು ನಿನ್ನ ಅತ್ತಿಗೆ ಕಂಬ ಹಿಡಿದು ಕೂತಿದ್ದಾಳೆ, ನಾನೂ ಹತ್ತಿಸುವುದಿಲ್ಲ, ಏನು ಮಾಡಲಿ ಎಂದ. ಮತ್ತೇನೋ ಹೇಳಲು ಹೋದ. ಚಪ್ಪಲಿಯ ಸದ್ದು ನಿಂತಿತು, ಫೋನು ಕಡಿದುಹೋಯಿತು. ಅಣ್ಣ ನಿಂತುಬಿಟ್ಟಿದ್ದ.

ಬಾಯಿ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಅಂಗಳದಲ್ಲಿ ಒಗೆಯುವ ಕಲ್ಲಿತ್ತು, ಅದರ ಎದುರು ನಿಂತರು. ಅದೇ ಗಾಡಿ ಎಂಬಂತೆ ನೋಡಿ, ಹಿಂದೆ ಹೆಜ್ಜೆ ಇಡತೊಡಗಿದರು. ನಾನು ಓಡಿಹೋಗಿ ಬೆನ್ನಿಗೆ ಕೈ ಕೊಟ್ಟೆ. ಈ ಸಲ ಯಾರಿಗೂ ಕೇಳಿಸಲಿಕ್ಕಲ್ಲ, ತನಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿಕೊಂಡರು. ಇಂಗ್ಲಿಷಿನ ಮನೆ, ಎರಡು ಪ್ರಶ್ನೆ, ಎರಡು ಉತ್ತರ. ಫ್ರೆಂಚಿನ ಮನೆ. ಎಲ್ಲಿಂದ ಬಂದೆ, ಲ್ಯಾಟಿನ್ನಿನಿಂದ. ಯಾರ ಜೊತೆ ಬಂದೆ. ಅಲ್ಲಿ ನಿಂತರು. ನನ್ನ ಕೈಯಡಿ ಅವರ ಬೆನ್ನು ಕಲ್ಲಾಯಿತು.

"ಇದನ್ನು ನಾನು ನಿನ್ನೆ ಕೇಳ್ಲೇ ಇಲ್ಲ" ಎಂದರು. "ಸುಲಭದ ಶಬ್ದ ಅಂತ ಅವಸರ ಮಾಡಿದೆ. ಜೊತೆಗೆ ಯಾರಿದ್ರು ಅಂತ ಕೇಳ್ಲಿಲ್ಲ ಮಾರಾಯ್ತಿ."

ಆಮೇಲೆ ಅವರು ಹೇಳಿದ್ದನ್ನು ಪೇಟೆಯ ಕಡೆ ಓಡುತ್ತಾ ಕೇಳಿದೆ. ಬಾಯಿ ಓಡಿದ್ದನ್ನು ಊರು ಅವತ್ತೇ ಮೊದಲು ನೋಡಿದ್ದು. ಫ್ರೆಂಚಿನ ಮನೆಯಲ್ಲಿ ಈ ಹೆಸರು ಒಂಟಿಯಾಗಿ ಇರಲಿಲ್ಲ. ಅದರ ಮುಂದೆ ಆಸ್ಪತ್ರೆ ಎಂಬ ಹೆಸರು ಕೈಹಿಡಿದು ನಿಂತಿತ್ತು. ಎರಡೂ ಸೇರಿ ನಡೆಯುವ ಆಸ್ಪತ್ರೆ. ಸೈನ್ಯ ಹೋದಲ್ಲಿಗೆಲ್ಲ ಹಿಂದೆಯೇ ಹೋಗುತ್ತಿದ್ದ ಆಸ್ಪತ್ರೆ, ವೈದ್ಯರು, ಔಷಧಿ, ಕತ್ತರಿ, ಬಟ್ಟೆ ಎಲ್ಲ ಸಮೇತ. ಕಾಲಕ್ರಮದಲ್ಲಿ ಮುಂದಿನ ಹೆಸರು ಬಿದ್ದುಹೋಗಿ ಹಿಂದಿನದು ಮಾತ್ರ ಉಳಿಯಿತು. ಇಂಗ್ಲಿಷಿಗೆ ಬಂದ ಮೇಲೆ ಜನ ಅದನ್ನು ಗಾಡಿಗೆ ಅಂಟಿಸಿದರು. ನಿನ್ನೆ ಬಾಯಿ ಆ ಗಾಡಿಗೆ ನಡೆ ಎಂದಿದ್ದರು. ನಡೆಯಬೇಕಾದದ್ದು ಯಾವುದು ಎಂದು ಹೇಳಿರಲಿಲ್ಲ. ಒಂದು ಸ್ಟ್ರೆಚರ್, ಒಂದು ಸಿಲಿಂಡರ್ ಬಿಟ್ಟರೆ ಅದರ ಹೊಟ್ಟೆ ಖಾಲಿ ಇತ್ತು.

ಬಾಯಿ ನೇರ ಆಸ್ಪತ್ರೆಗೆ ನುಗ್ಗಿದರು. ಒಂದೇ ಕೋಣೆಯ ಆಸ್ಪತ್ರೆ, ಬೆಂಚಿನ ಮೇಲೆ ಸರದಿ ಕಾಯುವ ಜನ. ಬೆಂಚು ಪಂಚಾಯಿತಿ ಅಂಗಳಕ್ಕೆ ಹೋಗುತ್ತದೆ, ಸರದಿ ತಪ್ಪಬಾರದು ಎನ್ನುವವರು ಜೊತೆಗೆ ಬನ್ನಿ ಎಂದು ಸಾರಿದರು. ಸರದಿ ಬಿಟ್ಟುಕೊಡಲು ಯಾರಿಗೆ ಮನಸ್ಸು? ಕೆಮ್ಮಿನವರು, ಹಲ್ಲುನೋವಿನವರು, ಕಾಲಿಗೆ ಮುಳ್ಳು ಹೊಕ್ಕವರು ಎಲ್ಲ ಸೇರಿ ಬೆಂಚು ಎತ್ತಿಕೊಂಡೇ ಹೊರಟರು. ಜಲಜಾ ಸಿಸ್ಟರ್ ಬೆಲ್ಲದ ಡಬ್ಬಿ, ನೀರಿನ ಕೊಡ, ಕುದಿಸಿದ ಕತ್ತರಿಗಳ ಟ್ರೇ ಹಿಡಿದು ಅವರ ಹಿಂದೆ ಹೋದರು. ನಾನು ತೂಕದ ಯಂತ್ರ ಹೊತ್ತೆ. ಕೋಣೆಯಲ್ಲಿ ಉಳಿದದ್ದು ಕಿಣಿ ಡಾಕ್ಟರು, ಅವರ ಕುರ್ಚಿ. ತಾನು ಮನೆಮನೆಗೆ ಹೋಗಿ ನೋಡುವವನಲ್ಲ, ಹೋದರೆ ಸೂಜಿ ಇಳಿಯುವುದಿಲ್ಲ, ಆ ಹುಡುಗಿಯ ಎದುರು ಕೈಚೆಲ್ಲಿ ನಿಲ್ಲುವುದು ತನ್ನಿಂದಾಗದು ಎಂದು ಡಾಕ್ಟರು ಹೇಳಿದರು. ಅಹಂಕಾರ ಎಂದು ನಾವು ತಿಳಿದಿದ್ದು ಭಯವಾಗಿತ್ತು.

"ಡಾಕ್ಟ್ರೇ, ನೀವು ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೋಗ್ಬೇಡಿ" ಎಂದರು ಬಾಯಿ. "ಆಸ್ಪತ್ರೆ ಗುಡ್ಡಕ್ಕೆ ಹೊರಟಿದೆ. ನೀವು ಒಳಗೆ ಇದ್ದುಕೊಳ್ಳಿ, ಅಷ್ಟೇ."

ಡಾಕ್ಟರು ಒಂದು ಗಳಿಗೆ ಖಾಲಿ ಕೋಣೆಯನ್ನು ನೋಡಿದರು. ಕುರ್ಚಿಯನ್ನು ತಾವೇ ಎತ್ತಿಕೊಂಡು ಹೊರಬಿದ್ದರು.

ಎಲ್ಲ ಒಳಗೆ ತುಂಬಿದ ಮೇಲೆ ಬಾಯಿ ಗಾಡಿಯ ಎದುರು ನಿಂತು, ಫ್ರೆಂಚಿನ ಮನೆಯ ಎರಡನೆಯ ಪ್ರಶ್ನೆಯನ್ನು ಕೇಳಿ, ಉತ್ತರ ಹೇಳಿ, ಒಂದು ಹೆಜ್ಜೆ ಹಿಂದೆ ಇಟ್ಟರು. ಗಾಡಿ ಒಂದು ಹೆಜ್ಜೆ ಮುಂದೆ ಬಂತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರು, ಅದೂ ಬಂತು. ಇದಿನಬ್ಬ ವೇಗ ಹೆಚ್ಚಿಸಲು ಒತ್ತಿ ನೋಡಿದ. ಇಂಜಿನ್ ಕೂಗಿತೇ ಹೊರತು ಚಕ್ರ ಬಾಯಿಯ ಕಾಲನ್ನು ಮೀರಲಿಲ್ಲ. ಅದು ನಡೆಯುವ ಆಸ್ಪತ್ರೆ, ಓಡುವುದು ಅದರ ತವರಿನಲ್ಲಿ ಇಲ್ಲ. ತವರು ಹೇಳಿದವರು ಮೊದಲ ಸಲ ಮುಂದೆ ನಿಂತು ಕರೆದೊಯ್ಯಬೇಕು. ಬಾಯಿ ಎಷ್ಟು ಬೇಗ ಹಿಂದೆ ನಡೆದರೆ ಅದು ಅಷ್ಟು ಬೇಗ ಬರುತ್ತದೆ, ಬಾಯಿ ನಿಂತರೆ ನಿಲ್ಲುತ್ತದೆ. ಎದುರಿಗೆ ಹಾಸುಗಲ್ಲು ಗುಡ್ಡ, ಆ ಏರು, ಆ ತಿರುವುಗಳು. ಬಾಯಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಊದಿದ ಪಾದ. ಮುಂದೆ ನೋಡಿ ಹತ್ತುವುದೇ ಅವರಿಗೆ ಕಷ್ಟ.

ಅವರು ಹಿಂದೆ ನೋಡದೆ ಹತ್ತಿದರು. ಇದನ್ನು ನಾನು ಎಷ್ಟು ಸಲ ಟೈಪ್ ಮಾಡಿ ಅಳಿಸಿದ್ದೇನೋ. ಹೇಗೆ ಬರೆದರೂ ಕಡಿಮೆಯಾಗುತ್ತದೆ. ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಕಣ್ಣು ಗಾಡಿಯ ಮೇಲೆ ನೆಟ್ಟು, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಮತ್ತೆ ಹಿಂದಕ್ಕೆ ಎಂದು ಹೇಳುತ್ತಲೇ ಹೋದರು. ನಾನು ಎಡಕ್ಕೆ ಒತ್ತಿದರೆ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ. ಬೆನ್ನ ಹಿಂದೆ ಹಳ್ಳವಿದೆಯೋ ಕಲ್ಲಿದೆಯೋ ಒಮ್ಮೆಯೂ ಕೇಳಲಿಲ್ಲ. ಮೊದಲ ತಿರುವಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಒದ್ದು ಪಕ್ಕಕ್ಕೆ ಹಾಕಿದರು. ಶಂಭು ಹೊಳ್ಳರು ಸುದ್ದಿ ಕೇಳಿ ಓಡಿಬಂದು, ಒಂದೂ ಮಾತಾಡದೆ ಅವರ ತಲೆಯ ಮೇಲೆ ಕೊಡೆ ಹಿಡಿದು ಪಕ್ಕದಲ್ಲಿ ನಡೆದರು. ಸ್ವಲ್ಪ ಹೊತ್ತಿಗೆ ಬಾಯಿಯ ದನಿ ಕುಗ್ಗಿದಾಗ, ಅದುವರೆಗೆ ಕೇಳಿ ಕೇಳಿ ಕಲಿತಿದ್ದ ಹೊಳ್ಳರೇ ಅಂಬುಲಾರೆ ಎಂದು ಸೇರಿಸಿದರು. ಬಾಯಿ ಅವರ ಉಚ್ಚಾರ ತಿದ್ದಿ ಮುಂದುವರಿದರು.

ನನ್ನ ಮೊಬೈಲಿಗೆ ಅಣ್ಣ ಮತ್ತೆ ಮತ್ತೆ ಫೋನು ಮಾಡಿದ. ನಡೆಯುತ್ತಿದ್ದೆನಾದ್ದರಿಂದ ಒಂದೂ ತಪ್ಪಲಿಲ್ಲ. ಬರುತ್ತಾ ಇದ್ದೇವೆ ಎಂದೆ. ಎಷ್ಟು ಬೇಗ ಎಂದು ಕೇಳಿದ. ಬಾಯಿಯಷ್ಟು ಬೇಗ ಎಂದೆ. ಅವನ ಹಿಂದೆ ಅತ್ತಿಗೆ ಕೂಗುವುದು ಕೇಳಿಸಿತು, ಮೊದಲು ಫೋನಿನಲ್ಲಿ, ಆಮೇಲೆ, ಕೊನೆಯ ಏರಿನಲ್ಲಿ, ಗುಡ್ಡದ ಮೇಲಿನಿಂದ. ಆ ಕೂಗು ಬಾಯಿಗೂ ಕೇಳಿತು. ಅಲ್ಲಿಂದ ಅವರು ಹಿಂದಕ್ಕೆ ಹಾಕಿದ ಹೆಜ್ಜೆಗಳಿಗೆ ನಾನು ಹಿಂದೆ ಓಡಬೇಕಾಯಿತು.

ಮನೆಯ ಅಂಗಳಕ್ಕೆ ಗಾಡಿ ಬಂದು, ಬಾಯಿಯ ಬೆನ್ನು ನಮ್ಮ ಗೋಡೆಗೆ ತಾಗಿದಾಗ ನಿಂತಿತು. ಅಣ್ಣ ಅತ್ತಿಗೆಯನ್ನು ಎತ್ತಿಕೊಂಡು ಬಂದು ಗಾಡಿಯೊಳಗೆ ಮಲಗಿಸಿದ. ಕಿಣಿ ಡಾಕ್ಟರು ಸ್ಟೆತಸ್ಕೋಪನ್ನು ಕಿವಿಗೆ ಹಾಕಿ ಅತ್ತಿಗೆಯ ಹೊಟ್ಟೆಯ ಮೇಲೆ ಇಟ್ಟರು. ಅವರ ಮುಖ ಬಿಳುಚಿತು. ಏನೂ ಕೇಳಿಸುತ್ತಿಲ್ಲ ಎಂದರು. ಜಲಜಾ ಸಿಸ್ಟರ್ ಹಣೆ ಚಚ್ಚಿಕೊಂಡು, ಬೆಲ್ಲ ನೀರು ಕೊಟ್ಟಿಲ್ಲ ಎಂದರು. ಸಿಸ್ಟರ್ ಬೆಲ್ಲ ಕದಡುತ್ತಿದ್ದಂತೆಯೇ ಆ ನೋವಿನಲ್ಲೂ ಅತ್ತಿಗೆ ಅವರ ಕೈಯಿಂದ ಲೋಟ ಕಸಿದು ಒಂದೇ ಗುಟುಕಿಗೆ ಕುಡಿದರು.

"ಕುಡಿದಾಯ್ತು. ಇನ್ನು ನೋಡಿ" ಎಂದರು.

ಡಾಕ್ಟರು ಮತ್ತೆ ಇಟ್ಟರು. ಕೇಳಿಸಿತು. ತಾಯಿಯದು, ಮಗುವಿನದು, ಎರಡೂ ಎದೆಬಡಿತ ಕೇಳಿಸುತ್ತಿದೆ ಎಂದು ಅವರು ಹೇಳಿದ್ದು ಅತ್ತಿಗೆಗಲ್ಲ, ಬಾಗಿಲಿನಲ್ಲಿ ನಿಂತ ಅಣ್ಣನಿಗೆ. ಆಮೇಲೆ ಬಾಗಿಲು ಹಾಕಿದರು.

ಸರದಿಯ ಜನ ಬೆಂಚನ್ನು ಅಂಗಳದಲ್ಲಿ ಇಳಿಸಿ ಅದೇ ಕ್ರಮದಲ್ಲಿ ಕೂತರು. ಕೆಮ್ಮಿನವರು ಕೆಮ್ಮು ತಡೆದುಕೊಂಡರು. ಅಮ್ಮ ಒಲೆಯ ಮೇಲೆ ಹಂಡೆ ನೀರು ಕಾಯಿಸುತ್ತಿದ್ದರು. ಅಣ್ಣ ಅಂಗಳದ ತೆಂಗಿನ ಬುಡಕ್ಕೆ ಸುತ್ತು ಹಾಕಿದ, ಕೈಯಲ್ಲಿ ಮೊಬೈಲೂ ಇರಲಿಲ್ಲ. ಬಾಯಿ ಗೋಡೆಗೆ ಒರಗಿದಲ್ಲಿಂದ ಕದಲಲಿಲ್ಲ, ಗಾಡಿಯ ಮೇಲಿಂದ ಕಣ್ಣೂ ತೆಗೆಯಲಿಲ್ಲ. ಕೂತುಕೊಳ್ಳಿ ಎಂದರೆ ಬೇಡ ಎಂದು ತಲೆಯಾಡಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಅಳು ಕೇಳಿತು. ತೆಳ್ಳಗೆ ಶುರುವಾಗಿ, ಒಮ್ಮೆ ನಿಂತು, ಆಮೇಲೆ ಇಡೀ ಗುಡ್ಡಕ್ಕೆ ಕೇಳುವಂತೆ. ಜಲಜಾ ಸಿಸ್ಟರ್ ಬಾಗಿಲು ಸರಿಸಿ, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಕೆಮ್ಮಿನವರು ಅಷ್ಟು ಹೊತ್ತು ತಡೆದದ್ದನ್ನೆಲ್ಲ ಕೆಮ್ಮಿದರು.

ಆಗ ಬಾಯಿ ಗೋಡೆಯಿಂದ ಜಾರಿ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಪಾದ ನೋಡಲಾಗುತ್ತಿರಲಿಲ್ಲ. ಕಲ್ಲು ತಾಗಿ ಹಿಮ್ಮಡಿ ಒಡೆದು ಮಣ್ಣು ರಕ್ತ ಒಂದಾಗಿತ್ತು. ಅಣ್ಣ ಒಳಗೆ ಹೋಗಿ, ಅತ್ತಿಗೆಯನ್ನೂ ಮಗುವನ್ನೂ ನೋಡಿ ಹೊರಗೆ ಬಂದ. ಬಚ್ಚಲಿಗೆ ಹೋಗಿ, ಅತ್ತಿಗೆಗೆಂದು ಕಾಯಿಸಿದ್ದ ನೀರಿನಲ್ಲಿ ಒಂದು ಕೊಡ ತುಂಬಿ ತಂದು, ಮೆಟ್ಟಿಲ ಕೆಳಗೆ ಕುಕ್ಕರುಗಾಲಿನಲ್ಲಿ ಕೂತ. ಅವರ ಪಾದವನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ನೀರು ಹೊಯ್ಯತೊಡಗಿದ.

"ಬಿಡು ಪುರಂದರ" ಎಂದರು ಬಾಯಿ. ದನಿ ಹೊರಡುತ್ತಿರಲಿಲ್ಲ. "ನಾನೆಂತ ಹೆತ್ತದ್ದಾ ಮಾರಾಯ?"

ಅಣ್ಣ ತಲೆ ಎತ್ತಲಿಲ್ಲ. ಇನ್ನೊಂದು ಪಾದ ತೆಗೆದುಕೊಂಡ. ಬಾಯಿ ಎಳೆದುಕೊಳ್ಳಲಿಲ್ಲ.